ಗುರುವಾರ ಬಿಚ್ಚಿದ ಬಾಟಲಿ

"ಕುಡಿದುಬಿಟ್ವಿ ಮಗಳೇ! ಎರಡೂ ಬಾಟಲಿ ಬಿಚ್ಚಿ ಕುಡಿದುಬಿಟ್ವಿ!"

ಫೋನಿನಲ್ಲಿ ಜಾಮ್ಫಿ ಮಾವ ಕೂಗಿದ ರಭಸಕ್ಕೆ ಗಾಡಿ ಓಡಿಸುತ್ತಿದ್ದ ದೂರದೇಶದ ಹೆಲ್ಲೆ ಮೇಡಂ ಬೆಚ್ಚಿಬಿದ್ದು ಬ್ರೇಕ್ ಒತ್ತಿದರು. ನಲವತ್ತು ವರ್ಷ ತಗಡು ಬಡಿದು ಬಡಿದು ನನ್ನ ಸೋದರಮಾವನ ಕಿವಿ ಅರ್ಧ ಹೋಗಿದೆ. ತನಗೆ ಕೇಳಿಸುವುದಿಲ್ಲ ಅಂದಮೇಲೆ ಲೋಕಕ್ಕೂ ಕೇಳಿಸುವುದಿಲ್ಲ ಎಂದು ಅವನ ನಂಬಿಕೆ.

"ಯಾವ ಬಾಟಲಿ ಮಾವ? ಬೆಳಬೆಳಗ್ಗೆ ಏನು ಕುಡಿದೆ?"

"ಶ್ನಾಪ್ಸ್ ಸಾರಾಯಿ ಕಣೇ! ನಿನ್ನೆ ಆ ಹಕ್ಕಿ ಹುಡುಗ ನಮ್ಮನೆಗೆ ಬಂದು ಇಟ್ಟು ಹೋಗಿದ್ನಲ್ಲ, ಅದು! ಬೆಳಗ್ಗೆ ಎದ್ದು ನೋಡ್ತೀನಿ, ಮೇಜಿನ ಮೇಲೆ ಜೋಡಿ ಬಾಟಲಿ! ಕೇರಿ ಹಿರಿಯರನ್ನೆಲ್ಲ ಕರೆದೆ. ನೆಲಕ್ಕೆ ನಾಲ್ಕು ಹನಿ ಹಾಕಿ ಹಿಂದಿನವರಿಗೆಲ್ಲ ಹೇಳಿ ಒಪ್ಪಿಬಿಟ್ವಿ. ಇಪ್ಪತ್ತೊಂಬತ್ತು ಆಯ್ತು, ಕೈತುಂಬ ಗ್ರೀಸು, ಇವಳನ್ನ ಯಾರು ಕೇಳ್ತಾರೆ ಅಂತಿದ್ದೆ. ಕೇಳಿದ್ನಲ್ಲ ಪುಣ್ಯಾತ್ಮ! ನಿನ್ನ ಮದುವೆ ಕಣೇ ಪೊಕುವಾ!"

ಫೋನು ಕೈಯಿಂದ ಜಾರಿ ನಟ್ಟು ಬಿಗಿಯುವ ಪಾನಾಗಳ ಡಬ್ಬಿಯೊಳಗೆ ಬಿತ್ತು. ಡಬ್ಬಿಯೊಳಗಿಂದಲೂ ಮಾವನ ನಗು ಕೇಳುತ್ತಲೇ ಇತ್ತು.

ನಮ್ಮ ಕುಮಾಸಿ ಕಡೆ ಹೆಣ್ಣು ಕೇಳುವವರು ಮೊದಲು ಎರಡು ಬಾಟಲಿ ಹಿಡಿದು ಬಂದು ಬಾಗಿಲು ತಟ್ಟುತ್ತಾರೆ. ಹುಡುಗಿಯ ಸೋದರಮಾವ ಬಾಟಲಿ ಬಿಚ್ಚಿದರೆ ಒಪ್ಪಿದ ಹಾಗೆ. ಬಾಟಲಿ ವಾಪಸ್ ಹೋದರೆ ಮುಗಿಯಿತು, ಆ ಹುಡುಗ ಮತ್ತೆ ಆ ಬಾಗಿಲ ಕಡೆ ತಲೆ ಹಾಕುವ ಹಾಗಿಲ್ಲ. ಇದರ ಮುಂದೆ ಚರ್ಚಿನ ಉಂಗುರವೆಲ್ಲ ಆಮೇಲಿನ ಮಾತು.

ಆ ಹಕ್ಕಿ ಹುಡುಗ ನನ್ನ ಮುಂದಿನ ಸೀಟಿನಲ್ಲೇ ಕೂತಿದ್ದ. ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ ಅವನ ಕುತ್ತಿಗೆ. ಮಾವನ ಕೂಗಿಗೆ ಆ ಕುತ್ತಿಗೆ ಸೆಟೆದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ದುರ್ಬೀನಿನ ಪಟ್ಟಿ ಉಜ್ಜಿ ಉಜ್ಜಿ ಅಲ್ಲೊಂದು ಗೆರೆ ಬಿದ್ದಿದೆ. ಎರಡು ವರ್ಷದಿಂದ ಆ ಗೆರೆ ನನಗೆ ಗೊತ್ತು. ಯಾಕೆ ಗೊತ್ತು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವನ ಹೆಸರು ಬಾದು. ನಮ್ಮಲ್ಲಿ ಹತ್ತನೆಯ ಮಗುವಿಗೆ ಇಡುವ ಹೆಸರು ಅದು. ದೂರದೇಶದಿಂದ ಗಾಡಿಯಲ್ಲಿ ಬರುವವರಿಗೆ ಕಾಡಿನಲ್ಲಿ ಹಕ್ಕಿ ತೋರಿಸುವುದು ಅವನ ಕೆಲಸ. ಅವರ ಗಾಡಿ ಕೆಟ್ಟರೆ ನಮ್ಮ ಗ್ಯಾರೇಜಿಗೇ ತರುತ್ತಾನೆ. ಪಿಸುಮಾತಿನಲ್ಲೇ ಬದುಕುವ ಪ್ರಾಣಿ. ನಾನೋ ಸುತ್ತಿಗೆ ಸದ್ದಿನಲ್ಲಿ ಬೆಳೆದವಳು, ಕೂಗದೆ ಮಾತಾಡಲು ಬರುವುದಿಲ್ಲ. ಅವನು ಗ್ಯಾರೇಜಿಗೆ ಬಂದು ಏನಾದರೂ ಹೇಳಿದರೆ ನಾನು ಸುತ್ತಿಗೆ ಕೆಳಗಿಟ್ಟು ಹತ್ತಿರ ಹೋಗಿ ಬಗ್ಗಿ ಕೇಳಬೇಕು. ನಿಜ ಹೇಳಬೇಕೆಂದರೆ ಅದು ನನಗೆ ಇಷ್ಟವಾಗಿತ್ತು.

ಈಗ ಅವನು ಏನಾದರೂ ಹೇಳಲಿ ಎಂದು ಕಾದೆ. ಹೆಲ್ಲೆ ಮೇಡಂ ಜೊತೆ ನಮ್ಮದೆಲ್ಲ ಇಂಗ್ಲಿಷು, ನಮ್ಮ ಭಾಷೆ ಅವರಿಗೆ ಬರುವುದಿಲ್ಲ, ಹಾಗಾಗಿ ಸಂಕೋಚಕ್ಕೂ ಕಾರಣವಿರಲಿಲ್ಲ. ಅವನು ನಿಧಾನವಾಗಿ ದುರ್ಬೀನು ಎತ್ತಿ ಕಣ್ಣಿಗಿಟ್ಟುಕೊಂಡ.

"ಎಡಗಡೆ, ಒಣಗಿದ ಮರದ ತುದೀಲಿ. ಮಂಗಟ್ಟೆ."

ಆ ಮರದಲ್ಲಿ ಮಂಗಟ್ಟೆಯಿರಲಿ, ಒಂದು ಎಲೆಯೂ ಇರಲಿಲ್ಲ.

ನನಗೆ ಎಲ್ಲ ಅರ್ಥವಾಗಿಹೋಯಿತು. ಕಾಡು ಹೊಗುವವರು ಕಾಡಂಚಿನ ಊರ ಯಜಮಾನನಿಗೆ ಎರಡು ಬಾಟಲಿ ಕೊಟ್ಟು ಅಪ್ಪಣೆ ಕೇಳಬೇಕು. ನಿನ್ನೆ ಬಾದುವಿನ ಚೀಲದಲ್ಲಿ ಬಾಟಲಿ ಕಂಡಿದ್ದೆ. ಗ್ಯಾರೇಜಿನಲ್ಲಿ ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲ ಅಂತ ಜೋಪಾನಕ್ಕೆ ನಮ್ಮ ಮನೆಯಲ್ಲಿಟ್ಟಿದ್ದಾನೆ. ಬೆಳಗ್ಗೆ ಹೊರಡುವಾಗ ಮರೆತಿದ್ದಾನೆ. ನನ್ನ ಮಹಾನುಭಾವ ಮಾವ ಅದನ್ನೇ ಬಿಚ್ಚಿ, ಕುಡಿದು, ಸತ್ತವರಿಗೆಲ್ಲ ಸುದ್ದಿ ಮುಟ್ಟಿಸಿ, ನನ್ನ ಮದುವೆ ಮಾಡಿದ್ದಾನೆ!

ನಾಚಿಕೆಯಿಂದ ಕಿವಿ ಕಾದವು. ಮರೆತುಹೋದ ಬಾಟಲಿಗೆ ಅಂಟಿಕೊಂಡು ಯಾರದೋ ಹೆಂಡತಿಯಾಗುವ ಗತಿ ನನಗೇಕೆ? ಡಬ್ಬಿಯಿಂದ ಫೋನು ಹುಡುಕಿ ತೆಗೆದೆ.

"ಮಾವ, ಸರಿಯಾಗಿ ಕೇಳು! ಆ ಬಾಟಲಿ ನನಗೆ ತಂದಿದ್ದಲ್ಲ! ಕಾಡಂಚಿನ ಊರ ಯಜಮಾನಂಗೆ ತಂದಿದ್ದು! ಹೊಸಾ ಎರಡು ಬಾಟಲಿ ತಗೊಂಡು ಇವತ್ತೇ ಅವರಮ್ಮನ ಮನೆಗೆ ವಾಪಸ್ ಕೊಟ್ಟು ಬಾ!"

"ವಾಪಸ್ಸಾ?" ಮಾವನ ದನಿ ಮೊದಲ ಬಾರಿ ಕುಗ್ಗಿತು. "ಬಿಚ್ಚಿದ್ದನ್ನ ವಾಪಸ್ ಕೊಟ್ರೆ ಜನ ಏನಂತಾರೆ ಮಗಳೇ? ಆಮೇಲೆ ಆ ಹುಡುಗ ಕೇಳ್ಬೇಕು ಅಂದ್ರೂ ಕೇಳೋ ಹಾಗಿಲ್ಲ."

"ಅವನು ಕೇಳೇ ಇಲ್ಲ ಮಾವ! ಕೊಟ್ಟು ಬಾ ಅಂದೆ!"

"ಆಯ್ತು, ಆಯ್ತು. ನಾಲ್ಕಕ್ಕೆ ಗ್ಯಾರೇಜ್ ಮುಚ್ಚಿ ಹೋಗ್ತೀನಿ."

ಗಾಡಿ ಗುಡ್ಡ ಇಳಿಯಿತು. ಫೋನಿನ ಸಿಗ್ನಲ್ ಸತ್ತಿತು.

ಬಾದು ದುರ್ಬೀನನ್ನು ಮಡಿಲಿಗಿಟ್ಟ. ಪಕ್ಕದ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಬೂದಿ ಬಳಿದ ಹಾಗಿತ್ತು.

"ಫಿಟ್ಟರಮ್ಮ..."

"ಏನು?"

"ಏನಿಲ್ಲ."

* * *

ಹೆಲ್ಲೆ ಮೇಡಂಗೆ ಎಪ್ಪತ್ತು ವರ್ಷ. ಡೆನ್ಮಾರ್ಕಿನಲ್ಲಿ ಮನೆಮನೆಗೆ ಅಂಚೆ ಹಂಚುತ್ತಿದ್ದವರು. ನಿವೃತ್ತಿಯಾದಮೇಲೆ ಟಾಪ್ ಮೇಲೆ ಟೆಂಟು ಕಟ್ಟಿದ ಈ ಹಳೇ ಡೀಸೆಲ್ ಗಾಡಿಯಲ್ಲಿ ಮೊರಾಕ್ಕೊದಿಂದ ಮರಳು, ಕೆಸರು ದಾಟಿಕೊಂಡು ಬಂದಿದ್ದಾರೆ. ಗಾಡಿಗೆ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ಇಷ್ಟೆಲ್ಲ ಒಂದು ಹಕ್ಕಿಗಾಗಿ. ಹಳದಿ ಬೋಳುತಲೆ, ಬಿಳೀ ಎದೆ, ಬಂಡೆಗೆ ಮಣ್ಣಿನ ಗೂಡು ಅಂಟಿಸುವ ಹಕ್ಕಿ. ನಾವು ಬಂಡೆಕೋಳಿ ಎನ್ನುತ್ತೇವೆ. ಸಂಜೆ ನಾಲ್ಕರ ಮೇಲೆ ಗೂಡಿಗೆ ಬರುತ್ತದೆ. ಎಲೆ ಅಲುಗಿದ ಸದ್ದಾದರೂ ಮಾಯವಾಗುತ್ತದೆ.

ಅಜ್ಜಿಯ ಹಿಂದಿನ ಭಾರ ಹೊರುವ ಕಮಾನ್ ಪಟ್ಟಿ ಮುರಿದು ನಿನ್ನೆ ನಮ್ಮಲ್ಲಿಗೆ ಬಂದಿತ್ತು. ಆ ಅಳತೆಯ ಪಟ್ಟಿ ಸಿಗಲಿಲ್ಲ. ಹಳೇ ಲಾರಿಯದನ್ನು ಕಾಯಿಸಿ, ಬಡಿದು, ಬಗ್ಗಿಸಿ ಕೂರಿಸಿದ್ದೆ. ಹಾಗೆ ಕೂರಿಸಿದರೆ ಎಂಬತ್ತು ಕಿಲೋಮೀಟರ್ ಓಡಿದಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಇಲ್ಲದಿದ್ದರೆ ಎಲ್ಲ ಸಡಿಲ. ಅದಕ್ಕೇ ನಾನೂ ಜೊತೆಗೆ ಬಂದದ್ದು. ಅದಕ್ಕೇ ಎಂದು ಮಾವನಿಗೂ ಹೇಳಿದ್ದೆ.

ಎಂಬತ್ತು ಆಯಿತು. ಗಾಡಿ ನಿಲ್ಲಿಸಿ ಅಡಿಗೆ ತೂರಿಕೊಂಡೆ. ಗಾಡಿಯ ಅಡಿ ನನಗೆ ತವರುಮನೆ ಇದ್ದಹಾಗೆ, ಅಲ್ಲಿ ಅತ್ತರೂ ಯಾರೂ ಕಾಣುವುದಿಲ್ಲ. ಬಾದುವಿನ ಬೂಟು ಮಾತ್ರ ಕಾಣುತ್ತಿತ್ತು.

ಕೈ ಚಾಚಿದೆ. ಹತ್ತೊಂಬತ್ತರ ಪಾನಾ ಕೈಗೆ ಬಂತು. ಬಿಗಿದು ಮತ್ತೆ ಕೈ ಚಾಚಿದೆ. ಉದ್ದ ಹಿಡಿಯದು ಬಂತು. ನಾನು ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

"ನಿಂಗೆ ಹೇಗೋ ಗೊತ್ತಾಗುತ್ತೆ ಯಾವುದು ಬೇಕು ಅಂತ?"

"ಎರಡು ವರ್ಷದಿಂದ ನೋಡ್ತಿದೀನಲ್ಲ."

"ಹಕ್ಕಿ ನೋಡೋನು ಹಕ್ಕಿ ನೋಡ್ಬೇಕು."

"ಮೊದಮೊದಲು ಹಾಗೇ ಅಂದ್ಕೊಂಡಿದ್ದೆ," ಎಂದ ಬಾದು. ಆಮೇಲೆ ಬೂಟು ಸ್ವಲ್ಪ ದೂರ ಸರಿಯಿತು.

ನಟ್ಟು ಬಿಗಿಯುವುದನ್ನು ಮರೆತು ನಾನು ಆ ಬೂಟನ್ನೇ ನೋಡುತ್ತಾ ಮಲಗಿದೆ. ಇದೇನು ಮಾತು? ಬಾಟಲಿ ಮರೆತ ಮನುಷ್ಯ ಆಡುವ ಮಾತೇ ಇದು?

* * *

ಕಾಡಂಚಿನ ಊರು ಅಬೊವಾಸೊ ತಲುಪಿದಾಗ ಹನ್ನೆರಡೂವರೆ. ಗುರುವಾರವಾದ್ದರಿಂದ ಊರಿಗೆ ಊರೇ ಮನೆಯಲ್ಲಿತ್ತು. ಯಜಮಾನರು ಮಾವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲು ನೀರು ಬಂತು. ನಮ್ಮಲ್ಲಿ ಬಂದವರು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೇ ಬಂದ ಕಾರಣ ಕೇಳುವುದು. ಕೊಲೆಯಾಗಿದ್ದರೂ ಮೊದಲು ನೀರು.

ಲೋಟ ಕೆಳಗಿಟ್ಟೆ. ಬಾದುವಿನ ಮಾನ ಉಳಿಸೋಣ ಎಂದು ನಾನೇ ಮುಂದೆ ಬಿದ್ದೆ.

"ತಪ್ಪಾಯ್ತು ಯಜಮಾನ್ರೇ. ಈ ನಮ್ಮ ಬಾದು ನಿಮಗೆ ಅಂತ ತಂದಿದ್ದ ಬಾಟಲಿನ ಕುಮಾಸಿಲಿ ಮರೆತು ಬಂದಿದಾನೆ. ಮುಂದಿನ ವಾರ ನಾನೇ ತಲುಪಿಸ್ತೀನಿ."

ಯಜಮಾನರು ನನ್ನನ್ನು ನೋಡಿದರು. ಬಾದುವನ್ನು ನೋಡಿದರು.

"ಯಾವ ಬಾಟಲಿ ತಾಯಿ? ಹೋದ ಭಾನುವಾರವೇ ಬೈಕಲ್ಲಿ ಬಂದು ಕೊಟ್ಟು ಹೋದ್ನಲ್ಲ. ಅದು ಖಾಲಿಯಾಗಿ ಅದರಲ್ಲೀಗ ನನ್ನ ಹೆಂಡತಿ ತಾಳೆ ಎಣ್ಣೆ ತುಂಬಿಟ್ಟಿದಾಳೆ. ಹನ್ನೊಂದು ವರ್ಷದಿಂದ ಬರ್ತಿದಾನೆ, ಒಂದು ಸಲ ಮರೆತಿಲ್ಲ. ಇವನು ಮರೆಯೋ ಪೈಕಿನಾ?"

ಕೆಳಗಿಟ್ಟಿದ್ದ ಖಾಲಿ ಲೋಟವನ್ನೇ ಮತ್ತೆ ಎತ್ತಿಕೊಂಡೆ.

ಹಾಗಾದರೆ ನಮ್ಮ ಮನೆಯ ಬಾಟಲಿ?

ಬಾದು ನನ್ನನ್ನು ನೋಡುತ್ತಿರಲಿಲ್ಲ. ಮಾವಿನ ಮರ ನೋಡುತ್ತಿದ್ದ. ಅಲ್ಲಿಯೂ ಹಕ್ಕಿ ಇರಲಿಲ್ಲ.

ನನಗೇ ತಂದಿದ್ದ. ನನ್ನ ಬಾಗಿಲೇ ತಟ್ಟಿದ್ದ. ನಾನು ಅವನ ಎದುರಿಗೇ, ಅವನ ಕಿವಿಗೆ ಒಂದು ಮೊಳ ದೂರದಲ್ಲಿ ಕೂತು, ಆಕಾಶ ಹರಿಯುವ ಹಾಗೆ ಕೂಗಿ ಅವನ ಬಾಟಲಿ ವಾಪಸ್ ಕಳಿಸಿದ್ದೆ!

ಮಾವ ನಾಲ್ಕಕ್ಕೆ ಹೊರಡುತ್ತಾನೆ. ಐದಕ್ಕೆ ಬಾದುವಿನ ಅಮ್ಮನ ಮನೆಯಲ್ಲಿರುತ್ತಾನೆ. ಬಾಟಲಿ ಆ ಮನೆಯ ಮೇಜಿನ ಮೇಲೆ ಕೂತರೆ ಬಾದು ಈ ಜನ್ಮದಲ್ಲಿ ನನ್ನನ್ನು ಕೇಳುವ ಹಾಗಿಲ್ಲ.

"ಮೇಡಂ, ಕೀ ಕೊಡಿ. ಗಾಡಿ ಒಂದು ಸಲ ಓಡಿಸಿ ನೋಡ್ಬೇಕು."

ಅವರು ಕೊಟ್ಟರು. ಸಿಗ್ನಲ್ ಸಿಗುವ ಗುಡ್ಡ ಒಂದು ಗಂಟೆಯ ದಾರಿ. ಅಜ್ಜಿಯನ್ನು ಗರ್ರನೆ ತಿರುಗಿಸಿದೆ. ಊರ ಬಾವಿಯ ಹತ್ತಿರ ಹಸಿರು ಹುಲ್ಲು ಹೊದ್ದ ಕೆಸರು ಇತ್ತು, ಕಾಣಲಿಲ್ಲ. ಹಿಂದಿನ ಚಕ್ರ ಗುಳಕ್ಕೆಂದು ಅಚ್ಚಿನವರೆಗೆ ಇಳಿಯಿತು.

ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಯಾವ ಗಾಡಿಯನ್ನೂ ಹೀಗೆ ಹೂತಿರಲಿಲ್ಲ. ಹಾರಿ ಇಳಿದು ಗಾಡಿಯ ಟಾಪಿನಿಂದ ಗುದ್ದಲಿ ಕಿತ್ತೆ. ಎತ್ತಿದೆ.

"ಏ! ಏ! ಏ!"

ಊರೇ ಒಟ್ಟಿಗೆ ಕಿರುಚಿತು. ಒಬ್ಬ ಮುದುಕಿ ಓಡಿ ಬಂದು ಗುದ್ದಲಿಯ ಹಿಡಿಗೇ ಜೋತುಬಿದ್ದಳು.

"ಇವತ್ತು ಯಾವ ವಾರ ಹುಡುಗಿ?"

ಗುರುವಾರ. ಭೂಮಿತಾಯಿ ಹುಟ್ಟಿದ ವಾರ. ಇವತ್ತು ಅವಳ ಮೈಗೆ ಗುದ್ದಲಿ ತಾಗಿಸುವಂತಿಲ್ಲ, ಒಂದು ಹಿಡಿ ಮಣ್ಣೂ ಅಗೆಯುವಂತಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ನನ್ನ ತಲೆಯಿಂದ ಹಾರಿಹೋಗಿತ್ತು.

"ಕುಮಾಸಿಲಿ ಗುರುವಾರ ಬರಲ್ವಾ ಫಿಟ್ಟರಮ್ಮ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೆಲಸವಿಲ್ಲದ ದಿನ ನೋಡಲು ಒಳ್ಳೆಯ ತಮಾಷೆ ಸಿಕ್ಕಿತ್ತು, ಸ್ಟೂಲು ತಂದು ಕೂತರು.

* * *

ಅಗೆಯದೆ ಎತ್ತಬೇಕು. ಕೆಸರಿನ ಮೇಲೆ ಹಲಗೆ, ಹಲಗೆಯ ಮೇಲೆ ಜಾಕಿ. ನಾಲ್ಕು ಬೆರಳು ಎತ್ತುವುದು, ಚಕ್ರದಡಿಗೆ ಮರದ ತುಂಡು ತೂರಿಸುವುದು, ಇಳಿಸುವುದು, ಮತ್ತೆ ಎತ್ತುವುದು. ಬಾದು ಅಂಗಿ ಬಿಚ್ಚಿಟ್ಟು ಬಿದ್ದ ಮರದ ತುಂಡುಗಳನ್ನು ಹೊತ್ತು ತಂದ. ಮೊಣಕಾಲು ಕೆಸರಲ್ಲಿ ಊರಿ ನಾನು ಜಾಕಿ ಒತ್ತಿದೆ. ಇಬ್ಬರ ತಲೆಯೂ ಒಂದೇ ಚಕ್ರದ ಕೆಳಗೆ.

"ಯಾಕೋ ಹೇಳ್ಲಿಲ್ಲ?"

"ಏನನ್ನ?"

"ನಾಟಕ ಆಡ್ಬೇಡ. ಬಾಟಲಿ ವಿಷಯ."

ಅವನು ತುಂಡನ್ನು ತೂರಿಸಿ, ಕೈಯಿಂದ ಬಡಿದು ಕೂರಿಸಿ, ಆಮೇಲೆ ಉತ್ತರ ಕೊಟ್ಟ.

"ನಮ್ಮ ಮಾವಂದಿರು ಈ ಭಾನುವಾರ ನಿಮ್ಮನೆಗೆ ಬಂದು ಮಾತಾಡೋರಿದ್ರು. ಬಾಟಲಿ ಮೊದಲೇ ತಂದಿಟ್ಟೆ. ನಮ್ಮನೇಲಿ ಇಟ್ರೆ ಒಂಬತ್ತು ಜನ ಅಣ್ಣಂದಿರು, ಭಾನುವಾರಕ್ಕೆ ಮುಚ್ಚಳನೂ ಉಳಿಯಲ್ಲ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ ಅಂತ ನಿಮ್ಮತ್ತೆಗೆ ಕೈಮುಗಿದು ಹೇಳಿದ್ದೆ."

ಅತ್ತೆ ಹೇಳಿಯೇ ಇರುತ್ತಾಳೆ. ಬಾಟಲಿ ಕಂಡಮೇಲೆ ನನ್ನ ಮಾವ ಯಾರ ಮಾತು ಕೇಳಿದ್ದಾನೆ?

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ? ಮದುವೆ ಆಗೋಳು ನಾನೋ, ನಮ್ಮತ್ತೇನೋ?"

"ಇವತ್ತು ಕೇಳ್ಬೇಕು ಅಂತಿದ್ದೆ." ಅವನ ದನಿ ಎಷ್ಟು ಕೆಳಗಿತ್ತೆಂದರೆ ಜಾಕಿಯ ಹಲ್ಲು ಕಟಗುಟ್ಟುವುದನ್ನು ನಿಲ್ಲಿಸಿ ಕೇಳಬೇಕಾಯಿತು. "ಬಂಡೆ ಹತ್ರ. ಹಕ್ಕಿ ಬಂದು ಹೋದ್ಮೇಲೆ. ಎರಡು ವಾರದಿಂದ ಮಾತು ಜೋಡಿಸ್ತಾ ಇದ್ದೆ. ಅಷ್ಟರಲ್ಲಿ ನಿಮ್ಮ ಮಾವ ಫೋನಲ್ಲಿ ಮದುವೆನೇ ಮಾಡಿಬಿಟ್ರು. ನಂಗೆ ಗರ ಬಡಿದ ಹಾಗಾಯ್ತು. ಬಾಯಿ ಬಿಡೋಣ ಅನ್ನೋದ್ರೊಳಗೆ ನೀನು ವಾಪಸ್ ಅಂದೆ."

"ನಾನು..."

"ಪರವಾಗಿಲ್ಲ ಫಿಟ್ಟರಮ್ಮ. ನಾನು ಹುಟ್ಟಿದ್ದಕ್ಕೆ ನಮ್ಮಪ್ಪ ಅಮ್ಮಂಗೆ ಒಂದು ಕುರಿ ಕೊಡ್ಬೇಕಾಯ್ತು. ಹತ್ತನೇದಕ್ಕೆ ಕೊಡೋ ಪದ್ಧತಿ. ಹುಟ್ಟಿದಾಗಿನಿಂದ ನಂದು ಎಲ್ಲಾ ದುಬಾರಿನೇ." ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ನೀನು ಬೇಡ ಅಂದಿದ್ದು ಬೇಡ ಅಂತಾನೇ. ನಾನು ಬಲವಂತ ಮಾಡೋನಲ್ಲ."

ಬೇಡ ಅನ್ನಲಿಲ್ಲ ಕಣೋ ದಡ್ಡ, ಬಾಟಲಿ ನನಗೆ ತಂದಿದ್ದಲ್ಲ ಅಂದುಕೊಂಡೆ. ಇಷ್ಟೇ ಹೇಳಬೇಕಿತ್ತು. ಬಾಯಿಗೆ ಬಂದದ್ದೆಲ್ಲ ಆಡುವ ಹೆಣ್ಣು ನಾನು, ಲಾರಿ ಡ್ರೈವರುಗಳಿಗೆ ಬೆವರಿಳಿಸಿದವಳು. ಬೇಕಾದ ಆ ಒಂದು ಮಾತು ಬಿಟ್ಟು ಮತ್ತೆ ಜಾಕಿ ಒತ್ತತೊಡಗಿದೆ. ಸ್ಟೂಲಿನ ಮೇಲೆ ಕೂತಿದ್ದ ಊರೆಲ್ಲ ಕಿವಿ ನಿಮಿರಿಸಿಕೊಂಡಿತ್ತು ಬೇರೆ.

ಚಕ್ರ ಮೇಲೆ ಬರುವಾಗ ಮೂರು ಗಂಟೆ. ಅಜ್ಜಿ ಮರದ ತುಂಡುಗಳ ಮೇಲೆ ಉರುಳಿಕೊಂಡು ಗಟ್ಟಿನೆಲಕ್ಕೆ ಬಂತು. ಊರು ಚಪ್ಪಾಳೆ ತಟ್ಟಿತು. ಒಂದು ಚಮಚ ಮಣ್ಣನ್ನೂ ಅಗೆದಿರಲಿಲ್ಲ.

ಮತ್ತೆ ಕೀಗೆ ಕೈ ಚಾಚಿದೆ. ಹೆಲ್ಲೆ ಮೇಡಂ ಕೀಯನ್ನು ಜೇಬಿಗಿಟ್ಟುಕೊಂಡು ಗುಂಡಿ ಹಾಕಿದರು.

"ಹಕ್ಕಿ ನಾಲ್ಕರ ಮೇಲೆ ಬರುತ್ತೆ ಅಂತ ಬಾದು ಹೇಳಿದ್ದಾನೆ. ನಾನು ಹನ್ನೊಂದು ಸಾವಿರ ಕಿಲೋಮೀಟರ್ ಬಂದಿದ್ದೀನಿ ಮಗು. ಟೆಸ್ಟು ಆಮೇಲೆ."

ಏನು ಹೇಳಲಿ ಅವರಿಗೆ? ನನ್ನ ಮುಖ ನೋಡಿ ಬಾದುವೇ ಹತ್ತಿರ ಬಂದ.

"ಯಾರಿಗಾದ್ರೂ ಫೋನ್ ಮಾಡ್ಬೇಕಾ?"

"ಹೂಂ."

"ಬಂಡೆ ಹತ್ರ ಒಂದು ಗೆರೆ ಸಿಗ್ನಲ್ ಬರುತ್ತೆ. ಒಂದೊಂದ್ಸಲ."

ಯಾರಿಗೆ ಎಂದು ಅವನು ಕೇಳಲಿಲ್ಲ.

* * *

ಒಂದೂವರೆ ಗಂಟೆ ಹತ್ತಿದೆವು. ಕೆಸರು ಒಣಗಿ ನನ್ನ ಪ್ಯಾಂಟು ತಗಡಿನ ಹಾಗಾಗಿತ್ತು, ಹೆಜ್ಜೆಹೆಜ್ಜೆಗೂ ಚರಚರ ಅನ್ನುತ್ತಿತ್ತು. ಬಾದು ಪ್ರತಿ ಸಲವೂ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಕಾಡಿನಲ್ಲಿ ಅವನೇ ಬೇರೆ. ಕಾಲಿಟ್ಟಲ್ಲಿ ಸದ್ದಿಲ್ಲ, ಕೈ ಎತ್ತಿದರೆ ನಾವೆಲ್ಲ ನಿಲ್ಲಬೇಕು.

ಬಂಡೆ ಮನೆಯಷ್ಟು ಎತ್ತರ, ಮುಂದಕ್ಕೆ ಬಾಗಿತ್ತು. ಅದರ ಹೊಟ್ಟೆಗೆ ಐದಾರು ಮಣ್ಣಿನ ಬಟ್ಟಲುಗಳು ಅಂಟಿದ್ದವು. ಎದುರಿಗೆ ಬಿದಿರಿನ ಬೆಂಚು. ಹೆಲ್ಲೆ ಮೇಡಂ ಒಂದು ತುದಿ, ಬಾದು ನಡುವೆ, ನಾನು ಈ ತುದಿ.

"ಇನ್ಮೇಲೆ ಉಸಿರೂ ಮೆಲ್ಲಗೆ," ಎಂದ ಬಾದು.

ನಾಲ್ಕೂ ನಲವತ್ತು. ಹಕ್ಕಿ ಇಲ್ಲ. ಸಿಗ್ನಲ್ ಇಲ್ಲ. ನಾಲ್ಕೂ ಐವತ್ತು. ಮಾವ ಈಗ ಟ್ಯಾಕ್ಸಿಯಲ್ಲಿರುತ್ತಾನೆ. ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡಿರುತ್ತಾನೆ. ನನ್ನ ಬದುಕು ಬಿರಡೆ ಹಾಕಿಸಿಕೊಂಡು ಅವನ ತೊಡೆಯ ಮೇಲೆ ಹೋಗುತ್ತಿದೆ. ಬಾದುವಿನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಅವನು ಸರಿಯಲಿಲ್ಲ. ನಾನೂ ಸರಿಯಲಿಲ್ಲ. ಬೆಂಚು ಚಿಕ್ಕದು ಎಂದು ಇಬ್ಬರೂ ನಟಿಸಿದೆವು.

ಐದಕ್ಕೆ ಎರಡು ನಿಮಿಷ.

ಅದು ಬಂತು. ಸದ್ದೇ ಇಲ್ಲ. ಒಂದು ಗಳಿಗೆ ಹಿಂದೆ ಬರಿದಾಗಿದ್ದ ಕಲ್ಲಿನ ಮೇಲೆ ಈಗ ಹಕ್ಕಿ ನಿಂತಿತ್ತು. ಹಳದಿ ಬೋಳುಮಂಡೆ, ಕಿವಿಯ ಹತ್ತಿರ ಎರಡು ಕಪ್ಪು ಗುಂಡುಗಳು, ಉದ್ದ ಕಾಲು. ನಮ್ಮನ್ನೇ ನೋಡಿತು, ತಲೆ ವಾಲಿಸಿ. ಹೆಲ್ಲೆ ಮೇಡಂ ದುರ್ಬೀನು ಎತ್ತಲೇ ಇಲ್ಲ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

ಆಗಲೇ ನನ್ನ ಕೈಯಲ್ಲಿ ಫೋನು ನಡುಗಿತು. ಒಂದು ಗೆರೆ.

ಮಾವನಿಗೆ ಒತ್ತಿದೆ. ಫೋನನ್ನು ಕಿವಿಗೆ ಅದುಮಿ ಅಂಗೈಯಿಂದ ಬಾಯಿ ಮರೆಮಾಡಿಕೊಂಡೆ.

"ಹಲೋ! ಯಾರು?" ಮಾವ.

"ಮಾವ," ಎಂದು ಪಿಸುಗುಟ್ಟಿದೆ. ನನ್ನ ಜೀವಮಾನದ ಮೊದಲ ಪಿಸುಮಾತು. "ವಾಪಸ್ ಕೊಡ್ಬೇಡ."

"ಆಂ? ಯಾರ್ರೀ ಅದು? ಗಾಳಿ ಮಾತ್ರ ಬರ್ತಿದೆ!"

"ಬಾಟಲಿ ವಾಪಸ್ ಕೊಡ್ಬೇಡ ಮಾವ. ಅದು ನನಗೇ ತಂದಿದ್ದು. ನಂಗೆ ಅವನು ಬೇಕು."

"ಪೊಕುವಾನಾ? ಕೇಳಿಸ್ತಿಲ್ಲ ಕಣೇ! ಫೋನ್ ಇಟ್ಟುಬಿಡ್ತೀನಿ, ಅವರ ಮನೇಲಿದೀನಿ, ಎಲ್ಲಾ ಕಾಯ್ತಿದಾರೆ!"

ಕೂಗಬೇಕು. ಕೂಗಿದರೆ ಹಕ್ಕಿ ಹೋಗುತ್ತದೆ. ಹನ್ನೊಂದು ಸಾವಿರ ಕಿಲೋಮೀಟರು. ಹನ್ನೊಂದು ವರ್ಷದ ಬಾದುವಿನ ಹೆಸರು. ನನ್ನ ಕಣ್ಣು ತುಂಬಿತು, ಬಾಯಿ ತೆರೆಯಲಿಲ್ಲ.

ಪಕ್ಕಕ್ಕೆ ತಿರುಗಿದೆ. ಬಾದು ಹಕ್ಕಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಮಾವನಿಗೆ ಕೇಳದ ಮಾತು ಅವನಿಗೆ ಕೇಳಿತ್ತು. ಕಣ್ಣು ಇಷ್ಟಗಲ, ಬಾಯಿ ಅರ್ಧ ತೆರೆದು, ನಿಂತ ಉಸಿರು ನಿಂತಹಾಗೇ. ಆ ಬೆರಗನ್ನು ನಾನು ಯಾವ ಹಕ್ಕಿಯ ಎದುರೂ ಅವನ ಮುಖದಲ್ಲಿ ಕಂಡಿರಲಿಲ್ಲ.

ಅವನು ನನ್ನ ಕೈಯಿಂದ ಫೋನು ಕಸಿದುಕೊಂಡ. ಎದ್ದು ನಿಂತ.

"ಮಾವಾ! ಬಾಟಲಿ ವಾಪಸ್ ಕೊಡ್ಬೇಡೀ! ನಾನು ಬಾದೂ! ಅದು ಪೊಕುವಾಗೇ ತಂದಿದ್ದೂ! ಅವಳೂ ಒಪ್ಪಿದಾಳೇ!"

ಬಂಡೆ ಅದನ್ನು ಹಿಡಿದು ಕಾಡಿಗೆಲ್ಲ ಹಂಚಿತು. ಒಪ್ಪಿದಾಳೇ, ಒಪ್ಪಿದಾಳೇ. ಮಂಗಗಳು ಕಿರುಚಿಕೊಂಡು ಓಡಿದವು. ಹೆಲ್ಲೆ ಮೇಡಂ ಬೆಂಚಿನಿಂದ ಅರ್ಧ ಜಾರಿದರು. ಹಕ್ಕಿ ಯಾವಾಗ ಹೋಯಿತೋ ಯಾರಿಗೂ ಕಾಣಲಿಲ್ಲ. ನಾನು ದಂಗಾಗಿ ಅವನನ್ನೇ ನೋಡಿದೆ. ಈ ಮನುಷ್ಯನಲ್ಲಿ ಇಷ್ಟು ದೊಡ್ಡ ದನಿ ಎಲ್ಲಿತ್ತು?



"ಯಾಕಪ್ಪ ಹಾಗೆ ಕಿರುಚ್ತೀಯ?" ಎಂದ ಮಾವ. "ನಾನೇನು ಕಿವುಡನಾ?"

ನಾನೂ ಎದ್ದು ನಿಂತೆ. ಫೋನು ಕಿತ್ತುಕೊಂಡೆ. ಇನ್ನೇನು ಪಿಸುಗುಟ್ಟುವುದು?

"ಮಾವಾ! ಕೊಟ್ಟುಬಿಟ್ಯಾ?"

"ಕೊಡೋಕೆ ಬಿಟ್ರೆ ತಾನೆ! ಈಗ ಬಂದು ಕೂತಿದೀನಿ. ನೀರು ಕೊಟ್ಟಿದಾರೆ, ಅರ್ಧ ಲೋಟ ಕುಡಿದಿದೀನಿ. ಬಂದ ಕಾರಣ ಇನ್ನೂ ಕೇಳಿಲ್ಲ. ಬಾಟಲಿ ಚೀಲದಲ್ಲೇ ಇದೆ."

ನಾನು ಬೆಂಚಿನ ಮೇಲೆ ಕುಸಿದು ಕೂತೆ. ಅರ್ಧ ಲೋಟ ನೀರು. ನಮ್ಮ ಹಿರಿಯರ ಪದ್ಧತಿಗಳಿಗೆಲ್ಲ ನಾನು ಎಷ್ಟು ಸಲ ನಕ್ಕಿದ್ದೆನೋ, ಅಷ್ಟಕ್ಕೂ ಅಲ್ಲೇ ಕೈಮುಗಿದೆ.

"ಆದ್ರೆ ಮಗಳೇ," ಮಾವ ದನಿ ತಗ್ಗಿಸಿದ, ಅಂದರೆ ಹೆಲ್ಲೆ ಮೇಡಂಗೂ ಕೇಳುವಷ್ಟು. "ಇವರಮ್ಮ, ಮಾವಂದಿರು, ಒಂಬತ್ತು ಜನ ಅಣ್ಣಂದಿರು, ಎಲ್ಲಾ ನನ್ನ ಲೋಟನೇ ನೋಡ್ಕೊಂಡು ಕೂತಿದಾರೆ. ನೀರು ಮುಗಿದ ತಕ್ಷಣ ಕೇಳ್ತಾರೆ. ಎರಡು ಬಾಟಲ್ ಇಟ್ಕೊಂಡು ಬಂದಿದೀನಿ. ಏನಂತ ಹೇಳ್ಲಿ?"

ನಾನು ಬಾದುವನ್ನು ನೋಡಿದೆ. ಆ ಒಂದು ಕೂಗಿಗೇ ಅವನ ದನಿ ಹೋಗಿತ್ತು, ಕಣ್ಣಲ್ಲೇ ಏನು ಎಂದು ಕೇಳಿದ. ಕುತ್ತಿಗೆಯ ಗೆರೆಯ ಮೇಲೆ ನನ್ನ ಜಾಕಿಯ ಕೆಸರು ಒಣಗಿತ್ತು. ಬೆರಳು ಚಾಚಿ ಒರೆಸಿದೆ. ಎರಡು ವರ್ಷದಿಂದ ಮಾಡಬೇಕೆಂದಿದ್ದ ಕೆಲಸ.

"ಬಾಗಿಲು ತಟ್ಟೋಕೆ ಬಂದಿದೀನಿ ಅನ್ನು ಮಾವ."

"ಆಂ?"

"ನಮ್ಮ ಹುಡುಗಿ ನಿಮ್ಮ ಹತ್ತನೇ ಮಗನ್ನ ಕೇಳ್ತಿದಾಳೆ, ಅದಕ್ಕೇ ಬಾಟಲಿ ತಂದಿದೀನಿ ಅನ್ನು!"

ಹೆಣ್ಣಿನ ಕಡೆಯವರು ಗಂಡಿನ ಬಾಗಿಲು ತಟ್ಟಿದ್ದನ್ನು ಕುಮಾಸಿಯಲ್ಲಿ ಇವತ್ತಿನವರೆಗೆ ಯಾರೂ ಕಂಡಿಲ್ಲ, ಕೇಳಿಲ್ಲ. ಫೋನಿನಲ್ಲಿ ಮಾವ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಗಟಗಟನೆ ನೀರು ಕುಡಿದ ಸದ್ದು. ಲೋಟ ನೆಲಕ್ಕಿಟ್ಟ ಸದ್ದು. ಸಿಗ್ನಲ್ ಹೋಯಿತು.

ಬಾದು ನನ್ನ ಪಕ್ಕ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ನಾನು ಕೇಳಲಿಲ್ಲ. ಅವನ ಹೆಗಲಿಗೆ ತಲೆಯಿಟ್ಟೆ. ಈ ಸಲ ಬೆಂಚು ಚಿಕ್ಕದು ಎಂದು ಯಾರೂ ನಟಿಸಲಿಲ್ಲ.

"ಮೇಡಂ, ತಪ್ಪಾಯ್ತು," ಎಂದ ಬಾದು, ಒಡೆದ ದನಿಯಲ್ಲಿ. "ನಿಮ್ಮ ಹಕ್ಕಿನ ಓಡಿಸಿಬಿಟ್ಟೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ..."

"ಶ್!" ಎಂದರು ಹೆಲ್ಲೆ ಮೇಡಂ.

ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂಡೆಯ ಕಡೆ ಕಣ್ಣು ತೋರಿಸಿದರು.

ಹಕ್ಕಿ ವಾಪಸ್ ಬಂದಿತ್ತು. ಅದೇ ಕಲ್ಲು, ಅದೇ ವಾಲಿದ ತಲೆ. ಕೊಕ್ಕಿನಲ್ಲಿ ಆಗತಾನೇ ಕೆದರಿ ತಂದ ಒಂದು ಉಂಡೆ ಹಸಿಮಣ್ಣು. ಜಿಗಿದು ಗೂಡಿನ ಅಂಚಿಗೆ ಅದನ್ನು ಮೆತ್ತಿತು.

"ಗುರುವಾರ ಅಂತ ಅದಕ್ಕೆ ಯಾರೂ ಹೇಳಿಲ್ಲ," ಎಂದು ಬಾದುವಿನ ಕಿವಿಯಲ್ಲಿ ಪಿಸುಗುಟ್ಟಿದೆ.

ಅವನು ತಿರುಗಿ ನೋಡಿದ, ಎರಡನೇ ಸಲ ಬೆರಗಾಗಿ. "ನಿಂಗೆ ಮೆಲ್ಲಗೆ ಮಾತಾಡೋಕೂ ಬರುತ್ತಾ?"

"ಇನ್ಮೇಲೆ ಕಲೀಬೇಕಲ್ಲ," ಎಂದೆ.